ಸಿಂಪ್ಯೂಟರೂ ನಮ್ಮನೆ ಅಡಿಕೆ ಲೆಕ್ಕವೂ

ಹೋದ ವರ್ಷ ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ನನ್ನ ಮೈದುನನ ಮಗ ಬೆಂಗಳೂರಿಂದ ಬಂದ. ಬರುವಾಗ ಎಸ್.ಪಿ. ರೋಡಿನಿಂದ ಒಂದು ಸಣ್ಣ ಪೊಟ್ಟಣ ತಂದಿದ್ದ. ಬಿಚ್ಚಿದ್ರೆ ಹಸಿರು ಬಣ್ಣದ ಒಂದು ಚೂರು. ಹೆಬ್ಬೆರಳಿನಷ್ಟು ಉದ್ದ, ಎರಡು ಅಂಚಿಗೂ ಇಪ್ಪತ್ತಿಪ್ಪತ್ತು ತೂತು.

"ದೊಡ್ಡಮ್ಮ, ಇದು ಪಿಕೊ ಅಂತ. ಇದ್ರಾಗೆ ನಿಂಗೊಂದು ಕಂಪ್ಯೂಟರ್ ಮಾಡ್ಕೊಡ್ತೀನಿ. ಸುಲಿಯೋರ ಲೆಕ್ಕ ಇಟ್ಕೋ" ಅಂದ. ಎಷ್ಟು ಕೊಟ್ಟೆ ಅಂದ್ರೆ ನಾನೂರು ರೂಪಾಯಿ ಒಳಗೆ ಅಂದ. ಎರಡು ಕೆ.ಜಿ. ತೊಗರಿಬೇಳೆ ದುಡ್ಡಿಗೆ ಕಂಪ್ಯೂಟರ್ ಬರತ್ತಾ ಅಂತ ನಾನು ನಕ್ಕೆ.

ನಮ್ಮ ನಲ್ಲೂರು, ಚನ್ನಗಿರಿ ಕಡೆಯೋರಿಗೆ ಸುಲಿಯೋರ ಲೆಕ್ಕ ಅಂದ್ರೆ ಬಿಡಿಸಿ ಹೇಳೋದು ಬೇಡ. ಬೇರೆ ಕಡೆಯೋರಿಗೆ ಹೇಳ್ತೀನಿ. ಕೊಯ್ಲಿನ ದಿನಗಳಲ್ಲಿ ಗೊನೆ ಮನೆಗೆ ಬರ್ತವೆ. ಹೆಣ್ಮಕ್ಳು ಕತ್ತಿ ಮುಂದೆ ಕೂತು ಹಸಿ ಅಡಿಕೆ ಸುಲೀತಾರೆ. ಸುಲಿದಿದ್ದನ್ನ ಡಬ್ಬದಲ್ಲಿ ಅಳೀತೀವಿ, ಡಬ್ಬಕ್ಕೆ ಇಷ್ಟು ಅಂತ ಕೂಲಿ. ಈಗ ಸುಲಿಯೋ ಮಿಷನ್ ಬಂದಿದ್ರೂ ನಮ್ಮನೇಲಿ ಇನ್ನೂ ಕೈಸುಲಿತಾನೇ. ಲೆಕ್ಕದ ಪುಸ್ತಕ ನನ್ನ ಕೈಲಿ. ಪಿ.ಯು.ಸಿ. ಓದಿದ ಸೊಸೆ ಅಂತ ಬಂದ ವರ್ಷವೇ ಅತ್ತೆ ಅದನ್ನ ನನಗೆ ಒಪ್ಪಿಸಿಬಿಟ್ಟರು.

ಅದರ ಹಿಂದಿನ ವರ್ಷ ಒಂದು ಮಾತು ಬಂದಿತ್ತು. ಸುಲಿಯೋರಲ್ಲಿ ಹಿರಿಯಾಕೆ ತಾನು ಏಳು ಡಬ್ಬ ಸುಲಿದೆ ಅಂತಾಳೆ, ನನ್ನ ಪುಸ್ತಕದಲ್ಲಿ ಆರು. ನಾನು ಪುಸ್ತಕ ತಿರುಗಿಸಿ ತೋರಿಸಿದೆ. ಅವಳು ನೋಡಲೇ ಇಲ್ಲ. "ಬರೆಯೋರೂ ನೀವೇ, ಓದೋರೂ ನೀವೇ. ನಾನೇನ್ ಹೇಳ್ಲಿ ಅಕ್ಕಾರೆ" ಅಂದಳು. ಜಗಳ ಆಡಿದ್ರೆ ಚೆನ್ನಾಗಿರ್ತಿತ್ತು. ಅವಳು ಜಗಳ ಆಡಲಿಲ್ಲ. ಆರಕ್ಕೇ ದುಡ್ಡು ತಗೊಂಡು ಹೋದಳು. ನಾನು ಬರೆಯೋದು ತಪ್ಪಿಸಿದ್ನಾ, ಅವಳು ಎಣಿಸೋದು ತಪ್ಪಿದಳಾ, ಇವತ್ತಿಗೂ ಗೊತ್ತಿಲ್ಲ. ಆ ಮಾತು ಮಾತ್ರ ಎದೇಲಿ ಕೂತಿತ್ತು.

ಹುಡುಗ ಕಂಪ್ಯೂಟರ್ ಅಂದ ಕೂಡ್ಲೆ ನನಗೆ ನೆನಪಾಗಿದ್ದು ಸಿಂಪ್ಯೂಟರ್. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ, ಇವನಿಗೂ ಗೊತ್ತಿರಲಿಲ್ಲ. 2001ರಲ್ಲಿ ಪೇಪರ್ ತುಂಬಾ ಅದೇ ಸುದ್ದಿ. ಅದೇ ಕಾಲಕ್ಕೆ ಭೂಮಿ ಯೋಜನೆ ಬಂದು, ಕೈಬರಹದ ಪಹಣಿ ಹೋಗಿ ತಾಲ್ಲೂಕು ಕಚೇರೀಲಿ ಕಂಪ್ಯೂಟರ್ ಪಹಣಿ ಕೊಡೋಕೆ ಶುರು ಮಾಡಿದ್ರು. 15 ರೂಪಾಯಿ ಕೊಟ್ರೆ ಒಂದು ಪ್ರತಿ. ಇಡೀ ರಾಜ್ಯದ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಹತ್ತಿಸಿದ ದೊಡ್ಡ ಕೆಲಸ ಅದು. ನಮ್ಮ ಯಜಮಾನ್ರು ಚನ್ನಗಿರಿಯಿಂದ ಆ ಹಾಳೆ ತಂದು ಅತ್ತೆ ಕೈಗೆ ಕೊಟ್ಟಾಗ, ಅವರು ಅದನ್ನ ತಲೆಕೆಳಗಾಗಿ ಹಿಡಿದು ತುಂಬಾ ಹೊತ್ತು ನೋಡಿದ್ರು. ಅತ್ತೆ ಹೆಬ್ಬೆಟ್ಟಿನೋರು. "ಅಕ್ಷರ ದುಂಡಗವೆ, ಶಾನುಭೋಗ್ರದ್ದಕ್ಕಿಂತ ವಾಸಿ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ "ಏನ್ ಬರ್ದವ್ರೆ ಓದು" ಅಂದ್ರು. ಹಾಳೆ ಹೊಸದಾಗಿ ಬಂದ್ರೂ ಓದಿ ಹೇಳೋರು ಬೇಕೇ ಬೇಕು ಅನ್ನೋದು ಹೋಗಲಿಲ್ಲ.

ಸಿಂಪ್ಯೂಟರ್ ಹುಟ್ಟಿದ್ದೇ ಈ ತೊಂದರೆಗೆ. 1998ರ ಅಕ್ಟೋಬರಿನಲ್ಲಿ ಬೆಂಗಳೂರಲ್ಲಿ ಒಂದು ದೊಡ್ಡ ಸಭೆ ಆಯ್ತು. ಬಡ ದೇಶಗಳ ಜನಕ್ಕೆ ಕಂಪ್ಯೂಟರ್‌ನಿಂದ ಏನು ಪ್ರಯೋಜನ ಅನ್ನೋದು ಅಲ್ಲಿನ ವಿಷಯ. ಆ ಮಾತುಕತೆ ಬೆಳೆದು, ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ಜನ ಮೇಷ್ಟ್ರು ಸೇರಿದ್ರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿಯೋರು. ಅವರ ಜೊತೆಗೆ ಎನ್‌ಕೋರ್ ಅನ್ನೋ ಬೆಂಗಳೂರಿನ ಕಂಪನಿಯ ವಿನಯ್ ದೇಶಪಾಂಡೆ ಮತ್ತೆ ಅವರ ಕಡೆಯೋರು. ಎಲ್ಲಾ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿಕೊಂಡ್ರು. ಸಿಂಪಲ್, ಇನ್‌ಎಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್ ಅನ್ನೋ ಮಾತುಗಳ ಮೊದಲ ಅಕ್ಷರ ಹಿಡಿದು, ಕಂಪ್ಯೂಟರ್ ಅನ್ನೋದರ ಬಾಲ ಅಂಟಿಸಿ ಆ ಹೆಸರು. ಅಂದ್ರೆ ಸರಳ, ಅಗ್ಗ, ಹಲವು ಭಾಷೇದು. 2001ರ ಏಪ್ರಿಲ್ 25ಕ್ಕೆ ಮಾದರಿ ತೋರಿಸಿದ್ರು. ಬೆಲೆ 9,000 ರೂಪಾಯಿ ಆಸುಪಾಸು ಇರಬೇಕು ಅನ್ನೋದು ಲೆಕ್ಕ. ಆಗ ಮೇಜಿನ ಮೇಲಿಡೋ ಒಂದು ಕಂಪ್ಯೂಟರಿಗೆ ಅದರ ಮೂರು ನಾಲ್ಕು ಪಟ್ಟು ಆಗ್ತಿತ್ತು.

ಅದರೊಳಗೆ ಏನಿತ್ತು ಅಂತ ನಮ್ಮ ಹುಡುಗನ ಹತ್ರ ಹುಡುಕಿಸಿದೆ. ಅವನಿಗೂ ಓದ್ತಾ ಓದ್ತಾ ಹುಚ್ಚು ಹಿಡೀತು. ಸ್ಟ್ರಾಂಗ್‌ಆರ್ಮ್ ಅನ್ನೋ ಚಿಪ್ಪು, ಅಂಗೈಯಲ್ಲಿ ಹಿಡಿಯೋ ಸಾಮಾನಿಗೆ ಅಂತಲೇ ಮಾಡಿದ್ದು. ಕರೆಂಟ್ ಕಮ್ಮಿ ತಿನ್ನತ್ತೆ. ಹೆಂಗೆ ಅಂದ್ರೆ ಮೊದಲ ಮಾದರಿ ಮೂರು ಪೆನ್ಸಿಲ್ ಸೆಲ್ಲಿನಲ್ಲಿ ಓಡ್ತಿತ್ತು. ನೆನಪು 32 ಎಂ.ಬಿ. ಹಾರ್ಡ್ ಡಿಸ್ಕ್ ಇಲ್ಲ. ಕೀಬೋರ್ಡ್ ಇಲ್ಲ, ಪರದೆ ಮೇಲೆ ಕಡ್ಡಿಯಿಂದ ಮುಟ್ಟೋದು. ದುಡ್ಡು ಕೊಡದೆ ಸಿಗೋ ಲಿನಕ್ಸ್ ಹಾಕಿದ್ರು. ಇಷ್ಟೆಲ್ಲಾ ಬೆಲೆ ಇಳಿಸೋಕೆ.

ನನಗೆ ಹಿಡಿಸಿದ್ದು ಬೇರೆ ಎರಡು. ಒಂದು, ಸ್ಮಾರ್ಟ್ ಕಾರ್ಡ್ ತೂರಿಸೋ ಸಂದಿ. ಬಡವರಿಗೆ 9,000 ಕೂಡ ಎಟುಕಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಯಂತ್ರ ಊರಿಗೆ ಒಂದೇ, ಪಂಚಾಯ್ತೀಲೋ ಶಾಲೇಲೋ ಅಂಗಡೀಲೋ ಇರಲಿ. ಜನರ ಕೈಲಿ ಒಂದೊಂದು ಕಾರ್ಡು. ನಿನ್ನ ಕಾರ್ಡ್ ಹಾಕಿದ್ರೆ ಅದು ಆ ಗಳಿಗೆಗೆ ನಿನ್ನದು, ತೆಗೆದ್ರೆ ಪಕ್ಕದ ಮನೆಯವಳದ್ದು. ಹಿಟ್ಟಿನ ಗಿರಣಿ ಇದ್ದಂಗೆ ನೋಡ್ರಿ. ಗಿರಣಿ ಊರಿಗೊಂದು, ಡಬ್ಬಿ ಅವರವರದ್ದು. ಇನ್ನೊಂದು, ಅದು ಮಾತಾಡ್ತಿತ್ತು. ಕನ್ನಡದಾಗೆ. ಧ್ವನಿ ಅನ್ನೋ ತಂತ್ರಾಂಶ ರಮೇಶ್ ಹರಿಹರನ್ ಅವರದ್ದು. ಚಿಕ್ಕ ಚಿಕ್ಕ ಸದ್ದಿನ ತುಂಡುಗಳನ್ನ ಮೊದಲೇ ರೆಕಾರ್ಡ್ ಮಾಡಿ ಇಟ್ಟು, ಬರೆದ ಪದಕ್ಕೆ ತಕ್ಕಂಗೆ ಅವನ್ನ ಹೊಂದಿಸಿ ನುಡಿಸೋದು. ಓದು ಬಾರದೋರು ಚಿತ್ರ ಮುಟ್ಟಿ, ಕಿವೀಲಿ ಕೇಳಿ ತಿಳ್ಕೋಬೇಕು ಅನ್ನೋದು ಅವರ ಯೋಚನೆ. ಅದನ್ನ ಪೇಪರಲ್ಲಿ ಓದಿದ ದಿನ ನಾನು ಅತ್ತೆಗೆ ಹೇಳಿದ್ದೆ, "ಪಹಣಿ ಓದಿ ಹೇಳೋ ಡಬ್ಬಿ ಬರತ್ತಂತೆ" ಅಂತ. "ಬರ್ಲಿ ಬಿಡು, ನಿನ್ನ ಕಾಯೋದು ತಪ್ಪತ್ತೆ" ಅಂದಿದ್ರು.

ಬರಲಿಲ್ಲ. ಮಾದರಿ ತೋರಿಸಿ ಮೂರು ವರ್ಷ ಆದ್ಮೇಲೆ, 2004ರ ಮಾರ್ಚಿನಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್‌ನೋರು ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂತು. ಅದನ್ನ ರೂಪಿಸಿದ ಕಂಪನಿ ಹೆಸರು ಪಿಕೊಪೆಟಾ, ವಿಜ್ಞಾನ ಸಂಸ್ಥೆಯ ಆ ಮೇಷ್ಟ್ರುಗಳೇ ಹುಟ್ಟುಹಾಕಿದ್ದು. (ಇವನ ಪಿಕೊಗೂ ಅದಕ್ಕೂ ಸಂಬಂಧ ಇಲ್ಲ. ಪಿಕೊ ಅಂದ್ರೆ ಅತಿ ಸಣ್ಣದು ಅಂತ ಅಷ್ಟೇ.) ಬೆಲೆ ಹತ್ತು ಸಾವಿರದ ಹತ್ರದಿಂದ ಶುರು, ಬಣ್ಣದ ಪರದೆ ಬೇಕಂದ್ರೆ ಇನ್ನೂ ಮೇಲೆ. ಕೈ ಅಲುಗಿಸಿದ್ರೆ ಪುಟ ಮಗುಚ್ತಿತ್ತಂತೆ. ಈಗಿನ ಫೋನಿನಲ್ಲಿ ಮಾಡೋದನ್ನ ಅಷ್ಟು ಮುಂಚೆಯೇ ಮಾಡಿದ್ರು. ಮೊದಲ ವರ್ಷ 50,000 ಹೋಗತ್ತೆ ಅಂದ್ಕೊಂಡಿದ್ರು, ಹೋಗಿದ್ದು ಸುಮಾರು 4,000. ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಒಂದಿಷ್ಟು ಬಳಸಿತು. ನಮ್ಮೂರಲ್ಲಿ ನಾನಂತೂ ಒಂದನ್ನೂ ಕಣ್ಣಲ್ಲಿ ನೋಡಲಿಲ್ಲ.

ಯಾಕೆ ಹಿಂಗಾಯ್ತು? ಬುದ್ಧಿ ಕಮ್ಮಿಯಾಗಿ ಅಲ್ಲ ಅನ್ನೋದು ನನ್ನ ಅನಿಸಿಕೆ. ಸಾವಿರಗಟ್ಟಲೆ ಮಾರಿದ್ರೆ ಮಾತ್ರ ಬೆಲೆ ಇಳಿಯತ್ತೆ, ಬೆಲೆ ಇಳಿದ್ರೆ ಮಾತ್ರ ಸಾವಿರಗಟ್ಟಲೆ ಮಾರತ್ತೆ. ಪರದೆ, ಚಿಪ್ಪು ಎಲ್ಲಾ ಹೊರದೇಶದ್ದು. ಅವರು ಒಂದು ಒಳ್ಳೇ ಕೆಲಸ ಮಾಡಿದ್ರು, ಒಳಗಿನ ನಕ್ಷೆ ಮುಚ್ಚಿಡಲಿಲ್ಲ. ಒಂದು ಒಪ್ಪಂದ ಬರೆದು, ಯಾವ ಕಂಪನಿ ಬೇಕಾದ್ರೂ ಒಂದ್ಸಲ ಶುಲ್ಕ ಕಟ್ಟಿ ಮಾಡಬಹುದು, ಬಡ ದೇಶದೋರಿಗೆ ಶುಲ್ಕ ಕಮ್ಮಿ, ಸುಧಾರಿಸಿದ್ದನ್ನ ಆಮೇಲೆ ಎಲ್ಲರಿಗೂ ಹಂಚಬೇಕು ಅಂತ ಇಟ್ಟರು. ಆದ್ರೆ ಅಡುಗೆ ವಿಧಾನ ಬರೆದುಕೊಟ್ಟ ಮಾತ್ರಕ್ಕೆ ಸಾಮಾನು ಅಗ್ಗ ಆಗಲ್ಲ. ಅಷ್ಟ್ರಲ್ಲಿ ಮೊಬೈಲ್ ಬಂತು. 2003ರ ಮಳೆಗಾಲದಲ್ಲಿ ರಿಲಯನ್ಸ್‌ನೋರು 501 ರೂಪಾಯಿ ಮುಂಗಡಕ್ಕೆ ಫೋನ್ ಕೈಗಿಟ್ಟರಲ್ಲ, ನೆನಪಿದೆಯಾ? ನಮ್ಮ ಯಜಮಾನ್ರೂ ಸಾಲಲ್ಲಿ ನಿಂತವರೇ. ಮಗಳ ದನಿ ಕೇಳೋ ಡಬ್ಬಿ 501ಕ್ಕೆ ಸಿಗುವಾಗ, ಪಹಣಿ ಓದೋ ಡಬ್ಬಿಗೆ ಹತ್ತು ಸಾವಿರ ಯಾರು ಕೊಡ್ತಾರೆ?

ಇದನ್ನೆಲ್ಲಾ ಹುಡುಗನಿಗೆ ಹೇಳ್ತಾ ಇದ್ರೆ ಅವನು ತನ್ನ ಕಡೆಯ ಚರಿತ್ರೆ ಹೇಳಿದ. ಮನೇಲಿ ಕಂಪ್ಯೂಟರ್ ಕಟ್ಟೋ ಹುಚ್ಚು ಐವತ್ತು ವರ್ಷದ್ದಂತೆ. 1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ ಅನ್ನೋ ಬಿಡಿಭಾಗದ ಪೆಟ್ಟಿಗೆ ಬಂತು. ಅದನ್ನ ಕಂಡು ಆ ವರ್ಷ ಮಾರ್ಚ್ 5ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರ ಕಾರ್ ಶೆಡ್ಡಿನಲ್ಲಿ ಹವ್ಯಾಸಿಗಳು ಸೇರಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಮಾಡಿದ್ರು. ಹೋಂಬ್ರೂ ಅಂದ್ರೆ ಮನೇಲೇ ಭಟ್ಟಿ ಇಳಿಸಿದ್ದು ಅಂತ. ನಾನು ಹೌಹಾರಿದೆ, ಒಳ್ಳೇ ಹೆಸರು ಸಿಗಲಿಲ್ವಾ ಅಂತ! ಆ ಕೂಟದ ಸ್ಟೀವ್ ವೋಜ್ನಿಯಾಕ್ ಅನ್ನೋರು ಮಾಡಿದ್ದೇ ಮೊದಲ ಆಪಲ್, 1976ರಲ್ಲಿ. ಅವರು 6502 ಅನ್ನೋ ಚಿಪ್ಪು ಆರಿಸಿಕೊಂಡಿದ್ದಕ್ಕೆ ಕಾರಣವೂ ಬೆಲೆಯೇ. ಬೇರೆ ಚಿಪ್ಪು ನೂರಾರು ಡಾಲರ್ ಇದ್ದಾಗ ಅದು 25 ಡಾಲರಿಗೆ ಸಿಗ್ತಿತ್ತು. ಎಲ್ಲಾ ಕಾಲದಲ್ಲೂ ಮನೆಯೋರು ಮೊದಲು ನೋಡೋದು ರೇಟನ್ನೇ.

ಈ ಪಿಕೊ ಅನ್ನೋದು ಇಂಗ್ಲೆಂಡಿನ ರಾಸ್ಪ್‌ಬೆರಿ ಪೈನೋರದ್ದು. ಅವರು 2012ರಲ್ಲಿ ಮಕ್ಕಳು ಕಲೀಲಿ ಅಂತ 35 ಡಾಲರಿನ ಕಂಪ್ಯೂಟರ್ ಹಲಗೆ ತಂದ್ರು. 2021ರ ಜನವರೀಲಿ 4 ಡಾಲರಿನ ಪಿಕೊ ತಂದ್ರು. ಇವೆರಡಕ್ಕೂ ವ್ಯತ್ಯಾಸ ಐತೆ. ಪಿಕೊದಲ್ಲಿರೋದು ಮೈಕ್ರೋಕಂಟ್ರೋಲರ್. ವಾಷಿಂಗ್ ಮಿಷನ್ನಿನಲ್ಲಿ ನೀರು ಎಷ್ಟು, ಎಷ್ಟು ಸುತ್ತು ಅಂತ ನೋಡ್ಕೊಳ್ತಾ ಕೂತಿರತ್ತಲ್ಲ, ಆ ಜಾತಿ ಚಿಪ್ಪು. ಲೆಕ್ಕ ಮಾಡೋದು, ನೆನಪಿಟ್ಕೊಳೋದು, ಹೊರಗಿನ ತಂತಿ ಎಳೆಯೋದು ಎಲ್ಲಾ ಒಂದೇ ಚೂರಿನಲ್ಲಿ. ನೆನಪು 264 ಕೆ.ಬಿ. ಮಾತ್ರ. ಸಿಂಪ್ಯೂಟರಿಗಿಂತ ನೂರಿಪ್ಪತ್ತು ಪಟ್ಟು ಕಮ್ಮಿ! ಇಪ್ಪತ್ತು ವರ್ಷದಲ್ಲಿ ಎಲ್ಲಾ ಮುಂದೆ ಹೋಗಿದೆ ಅಂತ ನಾವು ಅಂದ್ಕೊಂಡಿರ್ತೀವಿ. ಈ ಬೆಲೆಗೆ ಸಿಗೋದು ಇಷ್ಟೇ. ಆದ್ರೆ ಮೊದಲ ಆಪಲ್‌ನಲ್ಲಿ ಇದ್ದಿದ್ದು 4 ಕೆ.ಬಿ. ಅಂತ ಹೇಳಿ ಅವನು ನನ್ನ ಬಾಯಿ ಮುಚ್ಚಿಸಿದ.

ಪಿಕೊಗೆ ಪರದೆ ಹಚ್ಚೋ ಸಂದಿ ಇಲ್ಲ. ಚಿತ್ರವನ್ನ ಅದೇ ಚಿಪ್ಪು ಗೆರೆ ಗೆರೆಯಾಗಿ ಹೆಣೆದು ಹೊರಗೆ ಕಳಿಸಬೇಕು. ಅದಕ್ಕೆ ಆರು ತಂತಿ, ಮಧ್ಯ ಕೆಲವು ರೆಸಿಸ್ಟರ್, ಒಂದು ನೆಲದ ತಂತಿ. ಎರಡು ತಂತಿ ಗೆರೆ ಯಾವಾಗ ಮುಗೀತು, ಪುಟ ಯಾವಾಗ ಮುಗೀತು ಅಂತ ಹೇಳ್ತವೆ, ಉಳಿದ ನಾಲ್ಕು ಬಣ್ಣದ್ದು. ಮುಚ್ಚಿಹೋದ ಸೈಬರ್ ಸೆಂಟರಿನೋರ ಹತ್ರ ಹಳೇ ಮಾನಿಟರ್, ಹಳೇ ಕೀಬೋರ್ಡ್ ಸಿಕ್ತು. ಮೊದಲ ದಿನವೇ ಕೀಬೋರ್ಡಿನ 5 ವೋಲ್ಟ್ ತಂತೀನ ಇವನು ನೇರ ಪಿಕೊಗೆ ಹಚ್ಚಿದ. ಅದು ತಡೆಯೋದು 3.3 ಮಾತ್ರ. ಸದ್ದಿಲ್ಲ ಹೊಗೆಯಿಲ್ಲ, ಬೆರಳಿಟ್ಟರೆ ದೋಸೆ ಕಾವಲಿ ಆಗಿತ್ತು. ಇನ್ನೊಂದು ತರಿಸಬೇಕಾಯ್ತು. ಅಲ್ಲಿಗೆ ನಾಲ್ಕು ಕೆ.ಜಿ. ತೊಗರಿಬೇಳೆ.

ಎರಡನೇದು ಹೊತ್ತಿಕೊಂಡಿತು. ಜೆಫ್ ಗ್ರಹಾಂ ಅಂತ ಆಸ್ಟ್ರೇಲಿಯಾದೋರು ಮ್ಯಾಕ್ಸಿಮೈಟ್ ಅನ್ನೋ ಮನೆ ಕಂಪ್ಯೂಟರನ್ನ 2011ರಲ್ಲಿ ಮಾಡಿದ್ರಂತೆ. ಅದಕ್ಕೆ ಬರೆದ ಬೇಸಿಕ್ ಭಾಷೇನ ಆಮೇಲೆ ಪಿಕೊಗೂ ಹೊಂದಿಸಿದಾರೆ. ಸುಮ್ನೆ ಇಳಿಸ್ಕೊಂಡು ಹಾಕಿದ್ರೆ ಆಯ್ತು. ಸ್ವಿಚ್ ಹಾಕಿದ ಕೂಡ್ಲೆ ಕಪ್ಪು ಪರದೆ ಮೇಲೆ ಒಂದು ಗುರುತು ಮಿಟುಕಿಸ್ತಾ ನಿಂತಿರತ್ತೆ, ಏನು ಮಾಡ್ಲಿ ಅಂತ ಕೇಳಿದಂಗೆ. ಇಂಗ್ಲಿಷಿನಾಗೆ ಎಲ್ಲಾ ಸರಿಯಾಯ್ತು. ಕನ್ನಡ ಬರಲಿಲ್ಲ.

ಇಲ್ಲಿ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಕಂಪ್ಯೂಟರಿನಲ್ಲಿ ಕನ್ನಡ ತರೋಕೆ ಎಷ್ಟು ಜನ ಕಷ್ಟಪಟ್ಟಿದಾರೆ! ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಮೂಡೋ ಕ್ರಮ ಮಾಡಿದ್ರು, ಇವತ್ತು ನುಡೀಲಿ ನಾವು ಕುಟ್ಟೋದು ಅದರ ಮೇಲೆ ಕಟ್ಟಿದ್ದೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಆದ್ರೆ ಅವು ಯಾವುದೂ ಈ 264 ಕೆ.ಬಿ. ಒಳಗೆ ಹಿಡಿಯಲ್ಲ. ಅಕ್ಷರಾನ ನಾವೇ ಚುಕ್ಕಿ ಚುಕ್ಕಿಯಾಗಿ ಬರೆದುಕೊಡಬೇಕು. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಅಲ್ಲಿಗೇ ನಾಲ್ಕೈದು ನೂರು. ಒತ್ತಕ್ಷರ ಸೇರಿಸಿ ಗುಣಿಸಿದ್ರೆ ಸಾವಿರಾರು. ಹುಡುಗ ತಲೆ ಮೇಲೆ ಕೈ ಇಟ್ಟ. "ಪೂರ್ತಿ ಅಕ್ಷರ ಯಾಕೆ ಬರೀತೀಯ, ತುಂಡು ಬರಿ. ತಲೆಕಟ್ಟು ಬೇರೆ, ಕೊಂಬು ಬೇರೆ, ಗುಡಿಸು ಬೇರೆ, ಒತ್ತು ಬೇರೆ. ಜೋಡಿಸ್ಕೊಂಡು ಹೋಗ್ಲಿ" ಅಂದೆ. ಹಳೇ ಕನ್ನಡ ಟೈಪ್‌ರೈಟರಿನಲ್ಲಿ ಹಂಗೇ ಅಲ್ವಾ ಜೋಡಿಸ್ತಿದ್ದಿದ್ದು. ಅಳೆದು ಸುರಿದು ನೂರೈವತ್ತು ತುಂಡು ಸಾಕು ಅನ್ನಿಸ್ತು. ತುಂಡಿಗೆ ಅಡ್ಡ 16 ಚುಕ್ಕಿ, ಉದ್ದ 24. ಅಂದ್ರೆ ಒಂದಕ್ಕೆ 48 ಬೈಟು, ಎಲ್ಲಾ ಸೇರಿ 7 ಕೆ.ಬಿ. ಚಿಲ್ಲರೆ. ಪರದೆಗೆ 38 ಹೋದ್ರೂ ಬೇಕಾದಷ್ಟು ಜಾಗ ಉಳೀತು.

ಮಕ್ಕಳ ಚೌಕುಳಿ ಗಣಿತ ಪುಸ್ತಕ ತರಿಸಿ, ಮಧ್ಯಾಹ್ನ ಮಧ್ಯಾಹ್ನ ಕೂತು ಬರೆದೆ. ಚುಕ್ಕಿ ರಂಗೋಲಿ ಹಾಕಿದ ಕೈಗೆ ಅದೇನು ದೊಡ್ಡದಲ್ಲ, ಆದ್ರೆ ರಂಗೋಲೀಲಿ ಒಂದು ಚುಕ್ಕಿ ತಪ್ಪಿದ್ರೆ ಬಳ್ಳಿ ಸೊಟ್ಟ ಆಗತ್ತೆ ಅಷ್ಟೇ, ಇಲ್ಲಿ ಅಕ್ಷರವೇ ಬೇರೆಯಾಗತ್ತೆ. ದ, ಧ, ಥ ಮೂರಕ್ಕೂ ಒಂದೆರಡು ಚುಕ್ಕಿ ವ್ಯತ್ಯಾಸ. ಳ ಅಂತೂ ನಾಲ್ಕು ಸಲ ಅಳಿಸಿದೆ. ಹದಿನೆಂಟು ದಿನ ಹಿಡೀತು. ತುಂಬಿದ ಚೌಕಕ್ಕೆ ಒಂದು, ಖಾಲಿ ಚೌಕಕ್ಕೆ ಸೊನ್ನೆ ಅಂತ ಅವನು ಒಳಗೆ ಸೇರಿಸಿದ. "ಡಬ್ಬ" ಅನ್ನೋ ಪದ ಬಗೆ ಒತ್ತು ಸಮೇತ ಪರದೆ ಮೇಲೆ ಮೂಡಿದಾಗ ನನಗೆ ಆದ ಖುಷಿ ಹೇಳೋಕಾಗಲ್ಲ. ನನ್ನದೇ ಕೈಬರಹ, ಒಂಚೂರು ಸೊಟ್ಟ, ಬಿಳಿ ಬಣ್ಣದಲ್ಲಿ.

ಕೊಯ್ಲು ಶುರುವಾದ ಎರಡನೇ ವಾರ ಜಗಲಿ ಮೇಲೆ ಅದನ್ನ ಇಟ್ಟೆವು. ಸುಲಿಯೋರಿಗೆ ಒಬ್ಬೊಬ್ಬರಿಗೂ ಒಂದು ಕೀಲಿ, ಕೀಲಿ ಮೇಲೆ ಅವರವರು ಆರಿಸಿದ ಬಣ್ಣದ ಬಿಂದಿ ಅಂಟಿಸಿದ್ವಿ. ಡಬ್ಬ ಅಳೆದ ಕೂಡ್ಲೆ ಅವರೇ ಒತ್ತೋದು. ಹಿರಿಯಾಕೆ ಬಂದು ಹಸಿರು ಬಿಂದಿ ಒತ್ತಿದಳು. ಪರದೆ ಮೇಲೆ ಅವಳ ಹೆಸರು, ಒಂದು ಡಬ್ಬ ಅಂತ ಬಂತು. ಅವಳು ಅದನ್ನ ನೋಡಿ, ನನ್ನ ನೋಡಿ, "ಏನ್ ಬರ್ಕಂಡೈತೆ ಅಕ್ಕಾರೆ?" ಅಂದಳು.

ಹುಡುಗನ ಮುಖ ಸಪ್ಪಗಾಯ್ತು. ನಾನು ಅತ್ತೆ ತಲೆಕೆಳಗಾಗಿ ಹಿಡಿದ ಪಹಣಿ ನೆನೆಸಿಕೊಂಡೆ. ಹದಿನೆಂಟು ದಿನ ಕೂತು ನಾನು ಮಾಡಿದ್ದು ನನಗೆ ಓದೋಕೆ ಬರೋ ಇನ್ನೊಂದು ಪುಸ್ತಕವನ್ನೇ. ಬರೆಯೋರು ಮಾತ್ರ ಬದಲಾದ್ರು, ಓದೋಳು ನಾನೇ. ಆ ಮೇಷ್ಟ್ರುಗಳು ಇಪ್ಪತ್ತು ವರ್ಷದ ಹಿಂದೆ ಹತ್ತು ಸಾವಿರದ ಯಂತ್ರಕ್ಕೆ ದನಿ ಕೊಟ್ಟಿದ್ದನ್ನ ನಾನೇ ಇವನಿಗೆ ಬಣ್ಣಿಸಿ ಹೇಳಿದ್ದೆ. ಹೇಳಿ, ಅಕ್ಷರದ ಚೆಂದದಲ್ಲಿ ಮರೆತಿದ್ದೆ.

ಆ ರಾತ್ರಿಯೇ ಹಾಳಾದ ರೇಡಿಯೋದ ಸ್ಪೀಕರ್ ಕಿತ್ತು, ಒಂದು ಸಣ್ಣ ಆಂಪ್ಲಿಫೈಯರ್ ಹಲಗೆ ಹಚ್ಚಿದ. ಪಿಕೊಗೆ ಧ್ವನಿ ತಂತ್ರಾಂಶ ಹಿಡಿಯಲ್ಲ, ಆದ್ರೆ ಮೆಮೊರಿ ಕಾರ್ಡಿನಲ್ಲಿಟ್ಟ ಸದ್ದನ್ನ ನುಡಿಸೋಕೆ ಬರತ್ತೆ. ನಮಗೆ ಬೇಕಿರೋದು ಪಹಣಿ ಓದೋದಲ್ಲ, ಒಂದರಿಂದ ಇಪ್ಪತ್ತರವರೆಗೆ ಎಣಿಸೋದು. ಮಾರನೇ ದಿನ ನಾನು ಫೋನ್ ಹಿಡಿದು ಒಂದು, ಎರಡು ಅಂತ ಹೇಳೋಕೆ ಕೂತೆ. ಹಿರಿಯಾಕೆ ಕೈ ಅಡ್ಡ ಇಟ್ಟಳು. "ನಿಮ್ ದನೀಲಿ ಬ್ಯಾಡ್ರಿ. ನಾನೇ ಹೇಳ್ತೀನಿ."

ಅವಳೇ ಹೇಳಿದಳು. ಮೊದಲ ಸಲ ನಗು ಬಂತು, ಎರಡನೇ ಸಲ ಕೆಮ್ಮು. ಹದಿನೇಳು ಅನ್ನೋ ಹೊತ್ತಿಗೆ ನಮ್ಮ ನಾಯಿ ಬೊಗಳಿತು. ಮತ್ತೆ ಹೇಳಿಸೋಣ ಅಂದ್ರೆ ಉಳಿದೋರು ಬೇಡ ಅಂದ್ರು. ಆ ಸೀಸನ್ನು ಪೂರ್ತಿ, ಯಾರದ್ದಾದ್ರೂ ಹದಿನೇಳನೇ ಡಬ್ಬ ಅಳೆದ್ರೆ ಸಾಕು, ಜಗಲಿ ಮೇಲಿಂದ ನಾಯಿ ಬೊಗಳ್ತಿತ್ತು, ಎಲ್ಲರೂ ಕತ್ತಿ ಬಿಟ್ಟು ನಗೋರು.

ಹಳೇ ವರ್ಷದ ಆ ಏಳನೇ ಡಬ್ಬದ ಕೂಲೀನ ಆ ಶನಿವಾರದ ಬಟವಾಡೆ ಜೊತೆ ಸೇರಿಸಿ ಕೊಟ್ಟೆ. ಅವಳು ಎಣಿಸಿ, ಜಾಸ್ತಿ ಐತಲ್ಲ ಅಂದಳು. ಹೋದ ವರ್ಷದ್ದು ಅಂದೆ. ಏನೂ ಅನ್ನದೆ ಎಲೆಅಡಿಕೆ ಚೀಲಕ್ಕೆ ಹಾಕ್ಕೊಂಡಳು.